ಅಕ್ಕಿ ಆಯುವ ಹಸು

ಆ ಕಾಲವೇ ಚೆನ್ನಾಗಿತ್ತು ಎಂದು ಬರೆಯುವವರನ್ನು ಕಂಡರೆ ನನಗೆ ರೇಗುತ್ತದೆ. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆಗ ಹಿನಕಲ್ ಇನ್ನೂ ಹಳ್ಳಿ. ಮೈಸೂರಿನಿಂದ ಹೊರಟ ಬಸ್ಸು ನಮ್ಮೂರು ಮುಟ್ಟುವ ಹೊತ್ತಿಗೆ ಅರ್ಧಕ್ಕರ್ಧ ಖಾಲಿಯಾಗಿರುತ್ತಿತ್ತು. ಸಂಕ್ರಾಂತಿ ಹತ್ತಿರ ಬಂತೆಂದರೆ ಬೀದಿ ತುಂಬ ಅವರೆಕಾಯಿಯ ಸೊಗಡು. ಹೆಂಗಸರು ಜಗಲಿಯ ಮೇಲೆ ಸಾಲಾಗಿ ಕೂತು ನೆನೆಸಿದ ಕಾಳು ಹಿದುಕುತ್ತಿದ್ದರೆ, ನಾವು ಹುಡುಗಿಯರು ನಡುವೆ ತೂರಿಕೊಂಡು ಆ ಕಾಳನ್ನು ಒಬ್ಬರ ಮುಖಕ್ಕೊಬ್ಬರು ಚಿಮ್ಮಿಸಿ ಬೈಸಿಕೊಳ್ಳುತ್ತಿದ್ದೆವು. ಕೊಬ್ಬರಿ ಹೆಚ್ಚುವುದು, ಬೆಲ್ಲ ಹೆಚ್ಚುವುದು, ಹೆಚ್ಚುತ್ತ ಹೆಚ್ಚುತ್ತ ತಿಂದು ಅವ್ವನ ಕೈಲಿ ಮೊಟಕಿಸಿಕೊಳ್ಳುವುದು, ಸಂಜೆ ಕುಂಟೆಬಿಲ್ಲೆ. ಇದೆಲ್ಲ ನಿಮಗೂ ಇತ್ತು, ನನಗೂ ಇತ್ತು. ಆದರೆ ಅದೇ ಸಂಕ್ರಾಂತಿಯ ಸುತ್ತ ಇನ್ನೊಂದು ಸಂಗತಿ ನಡೆಯಿತು. ಅದನ್ನು ಬಿಟ್ಟು ಬರೀ ಅವರೆಕಾಯಿಯ ಸೊಗಡನ್ನು ಬರೆದರೆ ಸುಳ್ಳು ಬರೆದ ಹಾಗಾಗುತ್ತದೆ.

ನಮ್ಮದು ಹಸು ಕಟ್ಟಿದ ಮನೆ. ಅಪ್ಪ ಬೆಳಿಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಒಂಟಿಕೊಪ್ಪಲ್ಲಿನ ಮನೆಗಳಿಗೆ ಹಾಲು ಹಾಕುತ್ತಿದ್ದ. ಅವನ ಹಿಂದೆಯೇ ಮೊದಲ ಬಸ್ಸಿಗೆ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಮೊಸರಿನ ಮಡಕೆ ಹೊತ್ತು ಹೊರಡುತ್ತಿದ್ದಳು. ಅಜ್ಜಿಯ ಬಾಯಿ ಅಂದರೆ ಬಾಯಿ. ಬಸ್ಸಿನಲ್ಲಿ ಪಕ್ಕ ಕೂತವರ ಊರು ಕೇರಿ, ಮಕ್ಕಳು ಮರಿ ಎಲ್ಲ ವಿಚಾರಿಸಿ, ಇಳಿಯುವಷ್ಟರಲ್ಲಿ ಏನಾದರೂ ನೆಂಟಸ್ತನ ಹುಡುಕಿರುತ್ತಿದ್ದಳು. ಒಂಟಿಕೊಪ್ಪಲ್ಲಿನ ಯಾವ ಸೊಸೆಯಾದರೂ ಮೊಸರು ಹುಳಿ ಎಂದು ಮೂಗು ಮುರಿದರೆ, "ನಿಮ್ಮತ್ತೆಯವ್ರು ಇದೇ ಉಳಿ ಮೊಸ್ರು ಉಂಡು ನಿಮ್ಮ ಯಜಮಾನ್ರನ್ನ ಎತ್ತಿದ್ದು ಕಣಮ್ಮ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ಅದೇ ಮೊಸರನ್ನು ಅವರ ಪಾತ್ರೆಗೆ ಸುರಿದು ಬರುತ್ತಿದ್ದಳು. ಆ ಸೊಸೆಯೂ ನಗುತ್ತಿದ್ದಳು, ಒಳಗಿನಿಂದ ಅತ್ತೆಯೂ ನಗುತ್ತಿದ್ದಳು.

ಅಜ್ಜಿಯ ಬಾಯಲ್ಲಿ ಹಕಾರ ಇರಲಿಲ್ಲ. ಹಸು ಅಂದರೆ ಅಸ, ಹಾಲು ಆಲು, ಹೂವು ಊವ. ನನ್ನ ಹೆಸರು ಹೇಮಾವತಿ. ಊರಿಗೆಲ್ಲ ನಾನು ಏಮ. ಇದರಲ್ಲಿ ಏನೋ ಕೊರತೆ ಇದೆಯೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಎಂಟನೆಯ ತರಗತಿಗೆ ಅಪ್ಪ ನನ್ನನ್ನು ಚಾಮರಾಜಪುರಂನ ಒಂದು ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದ. ಅಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರನ್ನು ನಾವೆಲ್ಲ ಇಂಗ್ಲಿಷ್ ಮಿಸ್ ಅನ್ನುತ್ತಿದ್ದೆವು, ನಾನೂ ಇಲ್ಲಿ ಅಷ್ಟೇ ಅನ್ನುತ್ತೇನೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ಮುಡಿಯಲ್ಲಿ ಒಂದು ತುಂಡು ಮಲ್ಲಿಗೆ, ಕೋಲು ಮುಟ್ಟದ ಕೈ. ಹೊಡೆಯುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಪಾಠಕ್ಕೆ ಅವರದೇ ಒಂದು ಪದ್ಧತಿ ಇತ್ತು. ಬೋರ್ಡಿನ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ, ನಡುವೆ ಸಮ ಗುರುತು, ಲೆಕ್ಕದಲ್ಲಿ ಹಾಕುತ್ತೇವಲ್ಲ ಅದು. ಒಂದಕ್ಕೆ ಒಂದೇ. ಎರಡನೆಯದು ಹೇಳಿದರೆ ತಪ್ಪು.

ಡಿಸೆಂಬರ್ ರಜೆಗೆ ಸ್ವಲ್ಪ ಮುಂಚೆ ಒಂದು ಪಾಠ ಬಂತು. ಒಬ್ಬ ರೈತನನ್ನು ಅವನದೇ ಗೂಳಿ ಅಟ್ಟಿಸಿಕೊಂಡು ಬಂದು ಕೊಂಬಿನಿಂದ ತಿವಿಯುವ ಕಥೆ. ಅಲ್ಲಿ 'ಗೋರ್' ಎಂಬ ಪದ ಇತ್ತು. ಮಿಸ್ ಎಡಕ್ಕೆ ಅದನ್ನು ಬರೆದರು, ಸಮ ಗುರುತು ಹಾಕಿದರು, ಬಲಕ್ಕೆ 'ಚುಚ್ಚು' ಎಂದು ಬರೆದರು.

ನನಗೆ ತಡೆಯಲಾಗಲಿಲ್ಲ. ಆ ಶಾಲೆಯಲ್ಲಿ ನನಗೆ ಗೊತ್ತಿರುವ ವಿಷಯ ಬಂದದ್ದೇ ಅಪರೂಪ. ಎದ್ದು ನಿಂತೆ.

"ಮಿಸ್, ಅಸ ಚುಚ್ಚಲ್ಲ ಮಿಸ್."

"ಮತ್ತೇನು ಮಾಡುತ್ತೆ?"

"ಆಯ್ತದೆ."

"ಏನಾಗುತ್ತೆ?"

"ಆಗಲ್ಲ ಮಿಸ್, ಆಯ್ತದೆ. ಕೊಂಬಲ್ಲಿ."

ಮಿಸ್ ಸೀಮೆಸುಣ್ಣ ಕೆಳಗಿಟ್ಟರು. "ಓ, ಆಯುತ್ತಾ? ಏನು, ನಿಮ್ಮೂರಲ್ಲಿ ಹಸು ಮೊರ ಹಿಡ್ಕೊಂಡು ಅಕ್ಕಿ ಆಯುತ್ತಾ?"

ಅಕ್ಕಿಯಲ್ಲಿ ಕಲ್ಲು ಆರಿಸುವುದೂ ಆಯುವುದೇ ತಾನೇ. ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ಇನ್ನೂ ನಗು ಎಲ್ಲಿಂದ ಬಂತೆಂದು ತಿಳಿದಿರಲಿಲ್ಲ. ಅರ್ಥವಾಗಲಿಲ್ಲವೇನೋ ಎಂದುಕೊಂಡು ಎರಡು ಬೆರಳು ಹಣೆಗಿಟ್ಟು, ತಲೆ ತಗ್ಗಿಸಿ, "ಇಂಗೆ ಮಿಸ್, ಇಂಗೆ ಆಯ್ತದೆ" ಎಂದು ಮುಂದಿನ ಬೆಂಚಿನವಳ ಬೆನ್ನಿಗೆ ಹಾಯ್ದು ತೋರಿಸಿದೆ. ಆಮೇಲಂತೂ ಕೇಳಬೇಡಿ.

ಮಿಸ್ ನನ್ನನ್ನು ಮುಂದಕ್ಕೆ ಕರೆದು, ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿದರು. "ಹ ಅನ್ನು. ಕೈಗೆ ಗಾಳಿ ತಗಲಬೇಕು. ಮೊದಲು ಕನ್ನಡ ಕಲಿ, ಆಮೇಲೆ ನನಗೆ ಇಂಗ್ಲಿಷ್ ಕಲಿಸುವೆಯಂತೆ." ಗಂಟೆ ಹೊಡೆಯುವವರೆಗೂ ನಾನು ಬೋರ್ಡಿನ ಪಕ್ಕ ನಿಂತು ಅಂಗೈಗೆ ಹ, ಹಾ, ಹಿ, ಹೀ ಅನ್ನುತ್ತಿದ್ದೆ. ಗಾಳಿ ತಗಲುತ್ತಿತ್ತು. ಜೊತೆಗೆ ಮನೆಗೆ ಹೋಗಿ ಪುಟ ತುಂಬ ಒಂದೇ ವಾಕ್ಯ ಬರೆದು ತರಬೇಕೆಂದು ಶಿಕ್ಷೆ: ದ ಬುಲ್ ಗೋರ್ಡ್ ದ ಫಾರ್ಮರ್. ಗೂಳಿಯು ರೈತನನ್ನು ಚುಚ್ಚಿತು.

ನಾನು ಈಗ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಆದ್ದರಿಂದ ಈ ಮಾತನ್ನು ಹೊಟ್ಟೆಯುರಿಗಷ್ಟೇ ಹೇಳುತ್ತಿಲ್ಲ, ತಿಳಿದೇ ಹೇಳುತ್ತಿದ್ದೇನೆ. ಸೂಜಿ ಗೋರ್ ಮಾಡುವುದಿಲ್ಲ. ಮುಳ್ಳು ಮಾಡುವುದಿಲ್ಲ, ಮೊಳೆ ಮಾಡುವುದಿಲ್ಲ, ಚಾಕುವೂ ಮಾಡುವುದಿಲ್ಲ. ಅದು ಕೊಂಬಿನ ಕೆಲಸ, ಹೆಚ್ಚೆಂದರೆ ಆನೆ ಹಂದಿಗಳ ಕೋರೆಯ ಕೆಲಸ. ಪ್ರಾಣಿಯೇ ತನ್ನ ಮೈಭಾರವನ್ನೆಲ್ಲ ಹಿಂದಿಟ್ಟು ನುಗ್ಗಿ ಬಗೆಯುವುದಕ್ಕೆ ಇಂಗ್ಲಿಷಿನವರು ಬೇರೆಯೇ ಒಂದು ಕ್ರಿಯಾಪದ ಇಟ್ಟುಕೊಂಡಿದ್ದಾರೆ. ನಾವೂ ಇಟ್ಟುಕೊಂಡಿದ್ದೇವೆ. ಹೊಳೆ ಹಾಯುತ್ತೇವೆ, ಗದ್ದೆಗೆ ನೀರು ಹಾಯಿಸುತ್ತೇವೆ, ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುತ್ತೇವೆ. ಈ ದಡದಿಂದ ಆ ದಡಕ್ಕೆ ದಾಟಿಹೋಗುವುದೆಲ್ಲ ಹಾಯುವುದೇ. ಕೊಂಬೂ ಅಷ್ಟೇ, ಒಳಗೆ ದಾಟಿಹೋಗುತ್ತದೆ. ಇಷ್ಟು ಚೆಂದದ ಜೋಡಿ ಯಾವ ನಿಘಂಟಿನವರಿಗೂ ಸುಲಭವಾಗಿ ಸಿಗುವುದಿಲ್ಲ. ಹದಿಮೂರು ವರ್ಷದ ಹುಡುಗಿಯೊಬ್ಬಳು ತಂದು ಕೈಗಿಟ್ಟರೆ, ಅದಕ್ಕೆ ಹಕಾರ ಇಲ್ಲವೆಂದು ಬಿಸಾಡಿದರು. ಅವರಿಗೆ ಹಾಯು ಎಂಬ ಪದ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಹಸು ಹಾಯುವುದು ಗೊತ್ತಿಲ್ಲವೇ? ಗೊತ್ತಿತ್ತು. ನಗಿಸುವುದು ಸುಲಭವಾಗಿತ್ತು, ನಗಿಸಿದರು.

ಅಂದಿನಿಂದ ನನ್ನ ಹೆಸರು 'ಅಕ್ಕಿ ಆಯೋ ಹಸು' ಎಂದಾಯಿತು. ನನಗೆ ಹಕಾರದ ಭಯ ಹಿಡಿಯಿತು. ಎಲ್ಲಿ ಬಿಟ್ಟುಹೋಗುತ್ತದೋ ಎಂದು ಇಲ್ಲದ ಕಡೆಯೆಲ್ಲ ಸೇರಿಸತೊಡಗಿದೆ. ಅಂಗಡಿಗೆ ಹೋಗಿ "ಹಕ್ಕಿ ಕೊಡಿ" ಅಂದರೆ, ಅಂಗಡಿಯವರು "ಯಾವ್ದು ಕೊಡ್ಲಿ ಮಗ, ಗಿಣೀನೋ ಗುಬ್ಬೀನೋ" ಅಂದರು. ಮನೆಯಲ್ಲಿ ಅಪ್ಪನನ್ನು ಹಪ್ಪ ಎಂದೆ. ಅಜ್ಜಿ ಅವರೆ ಹಿದುಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅದ್ಯಾಕ್ ಮಗ ಮಾತ್ಮಾತ್ಗೂ ಉಸ್ರು ಬುಡ್ತೀಯ? ದಮ್ಮು ಗಿಮ್ಮು ಬಂತಾ?"

ಶಾಲೆಯಲ್ಲಿ ಆದದ್ದನ್ನು ಹೇಳಿದೆ. ಅಜ್ಜಿಗೆ ಅದು ದೊಡ್ಡ ವಿಷಯ ಅನ್ನಿಸಲೇ ಇಲ್ಲ. "ಅವ್ರಿಗೆ ಅಸ ಆಯ್ದಿರಕಿಲ್ಲ ಬುಡು. ಒಂದ್ಸಲ ಆಯ್ದ್ರೆ ಗೊತ್ತಾಯ್ತದೆ" ಎಂದು ನಕ್ಕು ಮತ್ತೆ ಕಾಳಿಗೆ ಕೈ ಹಾಕಿದಳು.

ಸಂಕ್ರಾಂತಿ ಬಂತು. ಬೆಳಿಗ್ಗೆಯೇ ದನಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಮೈಗೆ ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚುವುದು. ಹಿಂದಿನ ದಿನ ಕೊಂಬು ಹೆರೆಸಿದ್ದರಿಂದ ತುದಿ ನುಣ್ಣಗೆ ಚೂಪಾಗಿತ್ತು. ನಮ್ಮ ಹೋರಿ ಸಾಧುವೇ, ಅಜ್ಜಿಯ ಕೈಯಲ್ಲೇ ಬೆಳೆದದ್ದು. ಮಧ್ಯಾಹ್ನ ಊಟ ಮುಗಿಸಿ ಅಜ್ಜಿ ಅದರ ಕೊರಳಿಗೆ ಗೆಜ್ಜೆ ಕಟ್ಟುತ್ತಿದ್ದಳು. ಪಕ್ಕದ ಬೀದಿಯ ಹುಡುಗರು ಉಳಿದ ದೀಪಾವಳಿ ಪಟಾಕಿಯ ಸರಕ್ಕೆ ಬೆಂಕಿ ಕೊಟ್ಟರು. ಹೋರಿ ಬೆದರಿ ತಲೆ ಒದರಿತು, ತಿರುಗಿತು, ಎದುರಿಗಿದ್ದವಳನ್ನು ಹಾಯ್ದೇಬಿಟ್ಟಿತು. ಪಕ್ಕೆಯ ಕೆಳಗೆ. ಅಜ್ಜಿ ಗೋಡೆಗೆ ಒರಗಿ, ಮೆಲ್ಲಗೆ ಕುಸಿದು ಕೂತಳು.

ರಕ್ತ ಬಹಳ ಬರಲಿಲ್ಲ. ಅವ್ವ ಅರಿಶಿನ ಒತ್ತಿ ಸೀರೆಯ ತುಂಡು ಕಟ್ಟಿದಳು. "ಏನಿಲ್ಲ ಬುಡ್ರವ್ವ, ಕಿಚ್ಚಿಗೆ ಒತ್ತಾಯ್ತದೆ, ನೋಡೋಗಿ" ಎಂದು ಅಜ್ಜಿ ಎಲ್ಲರನ್ನೂ ಓಡಿಸಿದಳು. ಆದರೆ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಪ್ಪ ಯಾರದೋ ಟೆಂಪೋ ನಿಲ್ಲಿಸಿ, ನನ್ನನ್ನೂ ಹತ್ತಿಸಿಕೊಂಡು, ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಟ. ನಾನೇಕೆಂದರೆ, ಅಲ್ಲಿನ ಬೋರ್ಡುಗಳನ್ನು ಓದುವುದಕ್ಕೆ.

ಹಬ್ಬದ ದಿನ, ಆಸ್ಪತ್ರೆಯಲ್ಲಿ ಜನ ಕಡಿಮೆ. ಡ್ಯೂಟಿಯಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಅವರೂ ಕನ್ನಡದವರೇ, ಇದೇ ಊರಿನವರೇ; ನರ್ಸಮ್ಮನ ಜೊತೆ ಎಳ್ಳುಬೆಲ್ಲದ ಮಾತಾಡುತ್ತಿದ್ದರು. ಅಜ್ಜಿಯನ್ನು ಬೆಂಚಿನ ಮೇಲೆ ಮಲಗಿಸಿಕೊಂಡು ಕೇಳಿದರು.

"ಏನಾಯ್ತು ಅಜ್ಜಿ?"

"ಊ ಕಣಪ್ಪ, ಆಯ್ತು."

"ಅದೇ, ಏನಾಯ್ತು ಅಂತ."

"ಆಯ್ತು ಕಣ್ ಮಗ. ಓರಿ ಆಯ್ತು."

"ಓಡಿ? ಓಡಿ ಏನಾಯ್ತು?"

"ಓಡ್ಲಿಲ್ಲ ಕಣಪ್ಪ, ಅಲ್ಲೇ ನಿಂತಿತ್ತು. ಓರಿ. ಆಯ್ತು."

ಡಾಕ್ಟರು ಅಪ್ಪನ ಕಡೆ ತಿರುಗಿದರು. "ಏನ್ರೀ, ಬಿದ್ರಾ ಇವರು?"

ಹಾಲು ಹಾಕುವ ಮನೆಗಳ ಅಂಗಳದಲ್ಲಿ ನಿಂತು ನಿಂತು ಅಪ್ಪನಿಗೆ ದೊಡ್ಡವರ ಮುಂದೆ ಒಂದೇ ಮಾತು ಬರುತ್ತಿದ್ದದ್ದು. "ಊ ಸ್ವಾಮಿ, ಬಿದ್ಲು" ಅಂದ. ಬಿದ್ದದ್ದೂ ನಿಜವೇ, ಹೋರಿ ಹಾಯ್ದ ಮೇಲೆ. "ಓರಿ ಸ್ವಾಮಿ" ಎಂದು ಸೇರಿಸಿದ. ಡಾಕ್ಟರು ಕೇಳಿಸಿಕೊಳ್ಳಲಿಲ್ಲ. ಸೀರೆಯ ತುಂಡು ಬಿಚ್ಚಿ ನೋಡಿದರು. ಮೇಲೆ ಗಾಯ ಚಿಕ್ಕದೇ ಕಾಣುತ್ತಿತ್ತು, ಅರಿಶಿನ ಬೇರೆ ಮೆತ್ತಿತ್ತು.

"ಓಡೋವಾಗ ಬಿದ್ದು ಏನೋ ಚುಚ್ಚಿದೆ" ಎಂದು ನರ್ಸಮ್ಮನಿಗೆ ಹೇಳಿದರು. "ಕ್ಲೀನ್ ಮಾಡಿ, ಟಿಟಿ ಕೊಟ್ಟು ಕಳಿಸಿಬಿಡಿ."

ಚುಚ್ಚಿದೆ. ಆ ಪದ ಕೇಳಿದ ತಕ್ಷಣ ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿ ಬೆಂಚಿನಿಂದ ಏಳಲು ಹೋಗಿ ಮತ್ತೆ ಒರಗಿದಳು, ತುಟಿ ಬಿಳಿಚಿಕೊಂಡಿತ್ತು. ನಾನು ಹೇಳಬೇಕಾದ ಪದ ನನ್ನ ಬಾಯಲ್ಲೇ ಇತ್ತು. ಆದರೆ ಆ ಹೊತ್ತಿಗೆ ನನಗೆ ಹಾಯುವುದರ ಮೇಲೆ ನಂಬಿಕೆಯೇ ಹೋಗಿತ್ತು. ಗಾಳಿ ತಗಲದಿದ್ದರೆ? ಇವರೂ ಅಕ್ಕಿ ಆಯುತ್ತಾ ಎಂದು ಕೇಳಿದರೆ? ಪುಟ ತುಂಬ ಬರೆದಿದ್ದ ವಾಕ್ಯವೊಂದೇ ತಲೆಯಲ್ಲಿ ಗಟ್ಟಿಯಾಗಿ ಉಳಿದಿತ್ತು. ಅದನ್ನೇ ಗಿಣಿಯ ಹಾಗೆ ಒಪ್ಪಿಸಿದೆ.

"ಸರ್, ದ ಬುಲ್ ಗೋರ್ಡ್ ದ ಗ್ರ್ಯಾಂಡ್‌ಮದರ್."

ಬಾಗಿಲ ಕಡೆ ಹೊರಟಿದ್ದ ಡಾಕ್ಟರು ನಿಂತರು. ನನ್ನ ಎರಡು ಜಡೆ, ಹಬ್ಬದ ಲಂಗ ಎಲ್ಲವನ್ನೂ ಒಮ್ಮೆ ನೋಡಿದರು. ಆಮೇಲೆ ಅವರ ಮುಖವೇ ಬದಲಾಯಿತು.

"ಗೋರ್ಡ್? ಹೋರಿ ಹಾಯ್ದಿದೆಯಾ? ಅದನ್ನ ಮೊದಲೇ ಹೇಳಬಾರದೇನ್ರೀ?"

ಮೊದಲೇ ಹೇಳಬಾರದೇನ್ರೀ ಎಂದು ಅಪ್ಪನನ್ನು ಗದರಿಸಿದರು. ಅಪ್ಪ ಕೈ ಮುಗಿದ. ಎಷ್ಟೋ ವರ್ಷ ಕಳೆದವು. ಈ ಒಂದು ವಾಕ್ಯ ನೆನಪಾದಾಗಲೆಲ್ಲ ನಾನು ಕೂತಲ್ಲಿ ಕೂರಲಾರೆ. ಆ ಪದ ಅವರಿಗೂ ಗೊತ್ತಿತ್ತು, ನೋಡಿ. ಬಾಯಲ್ಲೇ ಇತ್ತು. ಅಜ್ಜಿ ಅದನ್ನು ಎಷ್ಟು ಸಲ ಹೇಳಿದ್ದಳು! ಮೈಸೂರಿನ ಆಸ್ಪತ್ರೆಯಲ್ಲಿ, ಮೈಸೂರಿನ ಡಾಕ್ಟರಿಗೆ, ಮೈಸೂರಿನ ಮುದುಕಿಯೊಬ್ಬಳು ತನ್ನ ಹೊಟ್ಟೆಗೆ ಏನಾಯಿತೆಂದು ಹೇಳಬೇಕಾದರೆ ನಡುವೆ ಲಂಡನ್ನಿನ ಪದವೊಂದು ಹಾದುಬರಬೇಕಾಯಿತು.

ಆಮೇಲೆ ಎಲ್ಲ ಓಡಾಟ. ಸ್ಟ್ರೆಚರ್ ಬಂತು, ದೊಡ್ಡ ಡಾಕ್ಟರನ್ನು ಮನೆಯಿಂದ ಕರೆಸಿದರು. ಕೊಂಬು ಒಳಗೆ ಕರುಳಿನವರೆಗೂ ಹೋಗಿತ್ತು. ಆಪರೇಷನ್ ಆಯಿತು. ಡ್ರೆಸ್ಸಿಂಗ್ ಮಾಡಿ ಮನೆಗೆ ಕಳಿಸಿದ್ದರೆ ಅಜ್ಜಿ ಉಳಿಯುತ್ತಿರಲಿಲ್ಲವೆಂದು ಆ ದೊಡ್ಡ ಡಾಕ್ಟರೇ ಹೇಳಿದರು. ನನ್ನ ತಲೆ ಸವರಿ "ಜಾಣೆ" ಅಂದರು.

ಅಜ್ಜಿಗೆ ಚೆನ್ನಾಗಿ ಎಚ್ಚರವಾಗಿ, ಗಂಜಿ ಕುಡಿಯುವಷ್ಟಾದ ಮೇಲೆ, ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು.

"ಅವತ್ತು ಆ ಡಾಕುಟ್ರಿಗೆ ಅದೇನಂದೆ ನೀನು?"

"ಹೋರಿ ಹಾಯ್ತು ಅಂದೆ ಅಜ್ಜಿ. ಇಂಗ್ಲಿಷಲ್ಲಿ."

ಅಜ್ಜಿ ಗಂಜಿಯ ಲೋಟ ಪಕ್ಕಕ್ಕಿಟ್ಟಳು.

"ನಾನೂ ಅದ್ನೇ ಅಂದ್ನಲ್ಲ ಮಗ."

ಈ ಸುದ್ದಿ ಶಾಲೆಗೂ ಮುಟ್ಟಿತು. ಇಂಗ್ಲಿಷ್ ಮಿಸ್ ನನ್ನನ್ನು ಮತ್ತೆ ಅದೇ ಬೋರ್ಡಿನ ಪಕ್ಕ ನಿಲ್ಲಿಸಿ, ಹೆಗಲ ಮೇಲೆ ಕೈ ಹಾಕಿ, "ನೋಡಿ, ಇಂಗ್ಲಿಷ್ ಕಲಿತರೆ ಜೀವ ಉಳಿಯುತ್ತೆ ಅನ್ನೋದಕ್ಕೆ ಇವಳೇ ಸಾಕ್ಷಿ. ಇಂಪೊಸಿಷನ್ ಬರೆಸಿದ್ದಕ್ಕೆ ಬೈಕೊಂಡಿದ್ದಳು, ಈಗ ಗೊತ್ತಾಯ್ತಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಿ ಆಯೋ ಹಸು ಎಂದು ಕರೆಯುತ್ತಿದ್ದವರೂ ತಟ್ಟಿದರು. ಅವರು ನಕ್ಕಾಗ ನಾನು ಅತ್ತಿರಲಿಲ್ಲ; ಚಪ್ಪಾಳೆ ತಟ್ಟಿದಾಗ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದಾಳೆಂದು ಮಿಸ್ ಇನ್ನಷ್ಟು ಬೆನ್ನು ತಟ್ಟಿದರು. ಇಂಗ್ಲಿಷ್ ಜೀವ ಉಳಿಸಿತಂತೆ. ಕನ್ನಡ ಕೇಳಿಸಿಕೊಳ್ಳದೆ ಅದೇ ಜೀವ ಹೋಗುವುದರಲ್ಲಿತ್ತು ಎಂಬುದು ಆ ತರಗತಿಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಹೊಳೆದಿದ್ದವಳಿಗೆ ಹೇಳುವ ಧೈರ್ಯ ಇರಲಿಲ್ಲ.

ಈಗ ಹಿನಕಲ್ ಪಟ್ಟಣವೂ ಅಲ್ಲ, ಹಳ್ಳಿಯೂ ಅಲ್ಲ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ಕಿಚ್ಚು ಹಾಯಿಸುವುದು ಇನ್ನೂ ಇದೆ, ಮೊಬೈಲು ಹಿಡಿದವರೇ ದನಗಳಿಗಿಂತ ಹೆಚ್ಚು. ಹೋದ ವರ್ಷ ನಮ್ಮಣ್ಣನ ಮೊಮ್ಮಗ ಓಡಿಬಂದು, "ಅಜ್ಜಿ, ಅಲ್ಲಿ ಕೌ ಒಬ್ಬರಿಗೆ ಅಟ್ಯಾಕ್ ಮಾಡ್ತು" ಅಂದ. ಹಕಾರ ಬಿಡುವ ಭಯ ಅವನಿಗಿಲ್ಲ, ಬಿಡುವುದಕ್ಕೆ ಪದವೇ ಉಳಿದಿಲ್ಲ. ನನ್ನ ಕಾಲೇಜಿನಲ್ಲಿ ಯಾವಳೋ ಒಬ್ಬಳು ಎದ್ದು ನಿಂತು "ಅಂಗಲ್ಲ ಮ್ಯಾಮ್" ಎಂದು ಶುರು ಮಾಡಿದರೆ, ಹಿಂದಿನ ಬೆಂಚಿನಿಂದ ಕಿಸಿಕ್ಕೆಂದವರನ್ನು ನಾನು ಹೊರಗೆ ಕಳಿಸುತ್ತೇನೆ. ಮ್ಯಾಮ್‌ಗೆ ಕೋಪ ಜಾಸ್ತಿ ಎಂದು ಹುಡುಗಿಯರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅಜ್ಜಿಯ ಗಾಯ ಮಾಯಿತು. ಆ ಬೇಸಿಗೆಗೇ ಮತ್ತೆ ಮೊಸರು ಹೊತ್ತು ಒಂಟಿಕೊಪ್ಪಲ್ಲಿಗೆ ಹೊರಟಳು. ಆದರೆ ಮಾತು ಕಡಿಮೆಯಾಯಿತು. ಮನೆಯಲ್ಲಿ, ನಮ್ಮ ಬೀದಿಯಲ್ಲಿ ಅದೇ ಬಾಯಿ. ಬಸ್ಸು ಹತ್ತಿದರೆ ಮೂಕಿ. ನಾನು ಜೊತೆಗಿದ್ದರೆ, ಕಂಡಕ್ಟರಿಗೆ ಊರ ಹೆಸರು ಹೇಳುವುದಕ್ಕೂ ನನ್ನ ತೋಳು ತಿವಿದು, "ನೀನೇ ಯೋಳು" ಅನ್ನುತ್ತಿದ್ದಳು. ಒಂಟಿಕೊಪ್ಪಲ್ಲಿನ ಸೊಸೆಯರು ಮೊಸರು ಹುಳಿ ಎಂದರೆ ಸುಮ್ಮನೆ ಮಡಕೆ ಎತ್ತಿಕೊಂಡು ಬರುತ್ತಿದ್ದಳಂತೆ. ಅಪ್ಪ ಹೇಳಿದ.

ಕೊನೆಯ ಸಲ ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ ನನಗೆ ಆಗಲೇ ಕೆಲಸ ಸಿಕ್ಕಿತ್ತು. ಅಲ್ಲಿದ್ದ ಡಾಕ್ಟರಮ್ಮ ಒಳ್ಳೆಯವರು. ಹಾಸಿಗೆಯ ಅಂಚಿನಲ್ಲಿ ಕೂತು, ಅಜ್ಜಿಯ ಕೈ ಹಿಡಿದು, "ಎಲ್ಲಿ ನೋಯ್ತಿದೆ, ಹೇಳಿ ಅಜ್ಜಿ" ಎಂದು ಕೇಳಿದರು. ಆತುರ ಮಾಡಲಿಲ್ಲ, ಕಾದರು. ಅಜ್ಜಿ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನೀನೇ ಯೋಳವ್ವ. ನಾನಂದ್ರೆ ಅವ್ರಿಗೆ ಗೊತ್ತಾಗಕಿಲ್ಲ."

ನಾನು ಹೇಳಿದೆ. ಒಳ್ಳೆಯ ಇಂಗ್ಲಿಷಿನಲ್ಲಿ, ಡಾಕ್ಟರಮ್ಮ ತಲೆದೂಗುವ ಹಾಗೆ ಹೇಳಿದೆ. ಹೇಳಿದ್ದೆಲ್ಲ ನನ್ನ ಊಹೆ. ಎಲ್ಲಿ ನೋಯುತ್ತಿದೆಯೆಂದು ಅಜ್ಜಿ ನನಗೂ ಹೇಳಿರಲಿಲ್ಲ.